ಗೋಡೆಗೆ ಹಿಡಿಯದ ಪಾದ

ಮೊನ್ನೆ ಆಫೀಸಿನ ಟೀ ಕೋಣೆಯಲ್ಲಿ ನಾನು ಎಂದಿನಂತೆ ನನ್ನ ಕಪ್ಪಿನಲ್ಲೇ ನೀರು ಅಳೆದು ಕೆಟಲಿಗೆ ಸುರಿಯುತ್ತಿದ್ದೆ. ಹಿಂದೆ ನಿಂತಿದ್ದ ಪವಿತ್ರಾ ಕಿಸಕ್ಕೆಂದಳು. ದಾವಣಗೆರೆಯ ಹುಡುಗಿ. ಇಲ್ಲೇ, ನಾವಿರುವ ಈ ಪರದೇಶದ ಕಾರ್ಕ್ ಊರಿನಲ್ಲಿ ಮಾಸ್ಟರ್ಸ್ ಮುಗಿಸಿ, ಲಿಟಲ್ ಐಲ್ಯಾಂಡಿನ ನಮ್ಮ ಔಷಧಿ ಕಾರ್ಖಾನೆಗೆ ಹೋದ ತಿಂಗಳಷ್ಟೇ ಸೇರಿದ್ದಾಳೆ. "ಏನ್ ಸರ್, ಇಷ್ಟ್ ಮಳೆ ಬರೋ ಊರಲ್ಲಿ ನೀರಿಗೂ ಬರಾನಾ?" ಎಂದಳು. ನೀರಿಗಲ್ಲ ತಾಯಿ, ಕರೆಂಟಿಗೆ ಎಂದೆ. ಒಂದು ಕಪ್ ಟೀಗೋಸ್ಕರ ಕೆಟಲ್ ತುಂಬ ನೀರು ಕಾಯಿಸುವುದು ಎಷ್ಟು ದಂಡ ಎಂದು ಭಾಷಣ ಶುರು ಮಾಡುವವನಿದ್ದೆ, ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ನಾಲ್ಕೈದು ವರ್ಷದ ಹಿಂದೆ ಅದೇ ಮುಖ ಹೊತ್ತುಕೊಂಡು ನಾನು ನನ್ನ ಮಗಳ ಮುಂದೆ ನಿಂತಿರುತ್ತಿದ್ದೆ.

ಮಗಳು ಚಿನ್ಮಯಿ, ಮನೆಯಲ್ಲಿ ಚಿನ್ನು. ಹುಟ್ಟಿ ಬೆಳೆದದ್ದೆಲ್ಲ ಕಾರ್ಕಿನಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ, ಅದೂ ಪ್ರತಿ ವಾಕ್ಯದ ಬಾಲವನ್ನು ಮೇಲಕ್ಕೆತ್ತುವ ಇಲ್ಲಿಯ ರಾಗದಲ್ಲಿ ಉತ್ತರ ಕೊಡುತ್ತಿದ್ದಳು. ಹತ್ತು ವರ್ಷದವಳಿದ್ದಾಗ ಅವಳನ್ನು ಶಾಲೆಯ ಪರಿಸರ ಸಮಿತಿಗೆ ಆರಿಸಿದರು. ಎದೆಯ ಮೇಲೆ ಹಸಿರು ಬಿಲ್ಲೆಯೊಂದನ್ನು ಚುಚ್ಚಿಕೊಂಡು ಮನೆಗೆ ಬಂದಳು ನೋಡಿ, ಅವತ್ತಿನಿಂದ ನಮ್ಮ ಮನೆಯಲ್ಲಿ ಸರ್ಕಾರ ಬದಲಾಯಿತು. ನಾನೂ ನನ್ನ ಹೆಂಡತಿ ಸುಮಾಳೂ ಪ್ರಜೆಗಳಾದೆವು.

ಮೊದಲು ಕೆಟಲ್. ಆಮೇಲೆ ಕೋಣೆ ಬಿಟ್ಟು ಹೊರಟ ಮೇಲೂ ಉರಿಯುವ ದೀಪ. ಆಮೇಲೆ ಬಟ್ಟೆ ಒಣಗಿಸುವ ಮೆಷಿನ್ನು. ಅದರ ಪ್ಲಗ್ಗನ್ನು ಅವಳೇ ಕಿತ್ತು, ಬಟ್ಟೆ ಹಿತ್ತಲಿನ ತಂತಿಯ ಮೇಲೆ ಒಣಗಬೇಕು ಎಂದು ತೀರ್ಪು ಕೊಟ್ಟಳು. ಈ ಊರಿನ ಆಕಾಶದ ಗುಣ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ ಕೇಳಿ. ಬಿಸಿಲು ಬಂತು ಎಂದು ಬಕೆಟ್ ಹೊತ್ತು ಹೊರಗೆ ಹೋಗಿ ಕೊನೆಯ ಕ್ಲಿಪ್ಪು ಸಿಕ್ಕಿಸುವಷ್ಟರಲ್ಲಿ ಮೊದಲ ಹನಿ ಮೂಗಿನ ಮೇಲೆ ಬೀಳುತ್ತದೆ. ಶನಿವಾರ ಪೂರ್ತಿ ನಾನು ಲುಂಗಿಯ ಮೇಲೆ ಮಳೆಕೋಟು ಹಾಕಿಕೊಂಡು ಒಳಗೂ ಹೊರಗೂ ಓಡಾಡುತ್ತಿದ್ದೆ. ಪಕ್ಕದ ಮನೆಯ ಮುದುಕಿ ಬೇಲಿಯ ಮೇಲಿಂದ ಇಣುಕಿ, ಇವತ್ತು ಬಟ್ಟೆ ಒಣಗೋಕೆ ಗ್ರ್ಯಾಂಡ್ ದಿನ ಎನ್ನುತ್ತಿದ್ದಳು. ಆಗಲೂ ಹನಿಯುತ್ತಲೇ ಇರುತ್ತಿತ್ತು.

ಕಾರು ಬಿಟ್ಟು ಬಸ್ಸಿನಲ್ಲಿ ಕೆಲಸಕ್ಕೆ ಹೋಗಬೇಕೆಂಬ ಆಜ್ಞೆಯೂ ಆಯಿತು. ಹೋದೆ. ಇಲ್ಲಿಯ ಬಸ್ಸು ಫೋನಿನ ಪರದೆಯಲ್ಲಿ ಬರುತ್ತಿರುತ್ತದೆ, ಬಂದೇಬಿಟ್ಟಿತು ಎನ್ನುತ್ತದೆ, ಆಮೇಲೆ ಪರದೆಯಿಂದಲೇ ಮಾಯವಾಗುತ್ತದೆ. ರಸ್ತೆಯ ಮೇಲೆ ಏನೂ ಕಾಣುವುದಿಲ್ಲ. ನೆಂದು ತೊಪ್ಪೆಯಾಗಿ ತಡವಾಗಿ ಆಫೀಸು ಸೇರಿದ ನನ್ನನ್ನು ನೋಡಿ ಮ್ಯಾನೇಜರು ಕಾರು ಕೆಟ್ಟಿತೇ ಎಂದು ಕೇಳಿದರು. ಮಗಳು ಕೆಟ್ಟಿದ್ದಾಳೆ ಎನ್ನಬೇಕೆಂದುಕೊಂಡವನು ಹೌದು ಎಂದೆ.

ಆದರೆ ನಿಜವಾದ ಯುದ್ಧ ನಡೆದದ್ದು ದೋಸೆ ಹಿಟ್ಟಿನ ಮೇಲೆ. ಇಲ್ಲಿಯ ಹಳೆ ಮನೆಗಳಲ್ಲಿ ಬಿಸಿನೀರಿನ ತೊಟ್ಟಿಯನ್ನು ಒಂದು ಗೋಡೆ ಬೀರುವಿನೊಳಗೆ ಕೂರಿಸಿರುತ್ತಾರೆ. ಇಲ್ಲಿಯವರು ಅದನ್ನು ಹಾಟ್ ಪ್ರೆಸ್ ಎನ್ನುತ್ತಾರೆ, ಟವೆಲು ಹಾಸಿಗೆ ಬಟ್ಟೆ ಬೆಚ್ಚಗಿಡುತ್ತಾರೆ. ನಮ್ಮವರು ಈ ದೇಶಕ್ಕೆ ಬಂದು ಮನೆ ಹಿಡಿದ ಮೊದಲ ವಾರವೇ ಆ ಬೀರುವಿನ ನಿಜವಾದ ಉಪಯೋಗ ಕಂಡುಹಿಡಿದುಬಿಡುತ್ತಾರೆ. ರುಬ್ಬಿದ ಹಿಟ್ಟನ್ನು ಅಲ್ಲಿಟ್ಟು ಸಂಜೆ ತೊಟ್ಟಿಯ ನೀರು ಕಾಯಿಸುವ ಇಮ್ಮರ್ಷನ್ ಸ್ವಿಚ್ ಹಾಕಿದರೆ ಬೆಳಿಗ್ಗೆಗೆ ಹಿಟ್ಟು ಪಾತ್ರೆಯ ಮುಚ್ಚಳ ಎತ್ತಿ ನಿಂತಿರುತ್ತದೆ. ಅಂದರೆ ನಾಲ್ಕು ದೋಸೆಗೋಸ್ಕರ ತೊಟ್ಟಿ ತುಂಬ ನೀರು ಕಾಯುತ್ತಿತ್ತು, ಆ ನೀರಿನಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ. ಇದನ್ನು ಚಿನ್ನು ಪತ್ತೆ ಹಚ್ಚಿದ ದಿನ ಮನೆಯಲ್ಲಿ ಕಳ್ಳಬಟ್ಟಿ ಸಿಕ್ಕಂಥ ಗಲಾಟೆಯಾಯಿತು. ಸ್ವಿಚ್ಚಿಗೆ ನಿಷೇಧ ಬಿತ್ತು. ಮುಂದಿನ ಭಾನುವಾರ ಸುಮಾ ಮಾಡಿದ ಇಡ್ಲಿಯನ್ನು ನಾನು ಚಾಕುವಿನಿಂದ ಕುಯ್ದು ತಿಂದೆ.

ಸುಮಾ ಜಗಳ ಆಡುವವಳಲ್ಲ. ಅದರ ಮುಂದಿನ ಶನಿವಾರ ಹಿಟ್ಟಿನ ಪಾತ್ರೆಗೆ ಟವೆಲು ಸುತ್ತಿ, ಒಂದು ಬಿಸಿನೀರಿನ ಚೀಲ ಜೊತೆಗಿಟ್ಟು, ತೆಗೆದುಕೊಂಡು ಹೋಗಿ ಮಗಳ ಹಾಸಿಗೆಯಲ್ಲಿ ರಜಾಯಿಯ ಒಳಗೆ ಮಲಗಿಸಿದಳು. "ಭೂಮಿ ಉಳಿಸೋಳು ನೀನು ತಾನೆ? ಹಿಟ್ಟಿನ ಜೊತೆ ನೀನೇ ಮಲಕ್ಕೋ," ಎಂದಳು. ಹುಡುಗಿ ನಿಜವಾಗಿಯೂ ಮಲಗಿತು. ಹಿಟ್ಟು ಚೆನ್ನಾಗಿ ಹುದುಗಿತು, ಸ್ವಲ್ಪ ಹಾಸಿಗೆಗೂ ಚೆಲ್ಲಿತು. ಆ ದೋಸೆಯ ರುಚಿ ಇನ್ನೂ ನನ್ನ ಬಾಯಲ್ಲಿದೆ.

ಇಷ್ಟೆಲ್ಲ ಗೊಣಗಿದರೂ ಒಳಗೊಳಗೇ ನನಗೊಂದು ಜಂಬವಿತ್ತು ಎಂದು ನಿಮ್ಮ ಹತ್ತಿರ ಮುಚ್ಚಿಡುವುದೇಕೆ. ಈ ಬಿಳಿಯರು ಇವತ್ತು ಪಾಠ ಮಾಡುತ್ತಿರುವುದನ್ನು ನಾವು ಹೊಟ್ಟೆಯಿಂದ ಬರುವಾಗಲೇ ಕಲಿತು ಬಂದವರಲ್ಲವೇ? ನಮ್ಮ ಮನೆಯಲ್ಲಿ ಮಾಂಸ ಬೇಯುವುದಿಲ್ಲ. ಬನಿಯನ್ನು ತೂತಾದ ಮೇಲೆ ಒರೆಸುವ ಬಟ್ಟೆ, ಅದೂ ಹರಿದ ಮೇಲೆ ಸೈಕಲ್ಲಿನ ಚೈನು ಒರೆಸುವ ಚಿಂದಿ. ಐಸ್‌ಕ್ರೀಮಿನ ಡಬ್ಬಿಯಲ್ಲಿ ಐಸ್‌ಕ್ರೀಮ್ ಹುಡುಕಿದ ಚಿನ್ನುವಿನ ಗೆಳತಿಯೊಬ್ಬಳು ಹುಣಸೆಹಣ್ಣು ಕಂಡು ಅತ್ತಿದ್ದಳು. ಹೀಗಾಗಿ, ಶಾಲೆಯಲ್ಲಿ ಪ್ರತಿ ಮಗುವೂ ತನ್ನ ಮನೆಯಿಂದ ಭೂಮಿಗೆ ಎಷ್ಟು ಹೊಗೆ, ಎಷ್ಟು ಭಾರ ಎಂದು, ಕಾರ್ಬನ್ ಹೆಜ್ಜೆಗುರುತು ಅನ್ನುತ್ತಾರಲ್ಲ, ಅದನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕ ಅಳತೆಯ ಪಾದವೊಂದನ್ನು ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸಬೇಕು ಎಂದಾಗ ನನಗೆ ಸಂತೋಷವೋ ಸಂತೋಷ. ನಮ್ಮದು ಕೃಷ್ಣಜನ್ಮಾಷ್ಟಮಿಯ ದಿನ ಬಾಗಿಲಿನಿಂದ ದೇವರ ಮನೆಯವರೆಗೆ ಹಿಟ್ಟಿನಲ್ಲಿ ಬಿಡಿಸುತ್ತಾರಲ್ಲ, ಅಷ್ಟು ಪುಟ್ಟ ಪಾದವಾಗುತ್ತದೆಂದು ಆಫೀಸಿನಲ್ಲೂ ಹೇಳಿಕೊಂಡು ಬಂದೆ.

ಊಟದ ಹೊತ್ತಿನಲ್ಲಿ ಚಿನ್ನು ಒಂದೊಂದೇ ಪ್ರಶ್ನೆ ಕೇಳುತ್ತ ಹೋದಳು, ನಾನು ಎದೆಯುಬ್ಬಿಸಿ ಉತ್ತರ ಕೊಡುತ್ತ ಹೋದೆ. ಕೊನೆಗೆ, ರಜಕ್ಕೆ ಎಲ್ಲಿಗೆ ಹೋಗುತ್ತೀರಿ, ಹೇಗೆ ಹೋಗುತ್ತೀರಿ ಎಂದಿತ್ತು. ಅರಸೀಕೆರೆಗೆ, ವಿಮಾನದಲ್ಲಿ, ಮೂರೂ ಜನ ಎಂದೆ. ಅಷ್ಟು ಸಾಲದೆಂದು, ನಿನ್ನ ಅಜ್ಜಿಯನ್ನು ನೋಡುವುದನ್ನು ನಾವು ವರ್ಷಾವರ್ಷ ತಪ್ಪಿಸುವುದಿಲ್ಲ, ಅದನ್ನು ದೊಡ್ಡದಾಗಿ ಬರಿ ಎಂದೂ ಸೇರಿಸಿದೆ. ಅವಳು ಬರೆದುಕೊಂಡಳು.

ಪೋಷಕರನ್ನು ಕರೆದ ಸಂಜೆ ನಾನೂ ಸುಮಾಳೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಚಿನ್ನುವಿನ ಜೊತೆ ಹೋದೆವು. ಗೋಡೆಯ ತುಂಬ ಬಣ್ಣಬಣ್ಣದ ಪಾದಗಳು. ದಿನಾ ಬೆಳಿಗ್ಗೆ ಟ್ಯಾಂಕಿನಂಥ ಜೀಪಿನಲ್ಲಿ ಮಕ್ಕಳನ್ನು ತಂದು ಇಳಿಸುವ ಕುಟುಂಬದ್ದು ಒಂದು ಮಧ್ಯಮ ಪಾದ. ವಾರವಿಡೀ ಹಂದಿಯನ್ನೂ ಹಸುವನ್ನೂ ತಿಂದು ತೇಗುವ ಇನ್ನೊಬ್ಬರದು ಅದಕ್ಕಿಂತ ಒಂದಿಷ್ಟು ಉದ್ದ. ರಜಕ್ಕೆ ಅವರೆಲ್ಲ ಹತ್ತಿರದ ಸಮುದ್ರ ತೀರಕ್ಕೆ ಹೋಗಿ ಬರುವವರು. ನಮ್ಮದನ್ನು ಹುಡುಕುತ್ತ ನಾನು ಸಣ್ಣ ಪಾದಗಳಿದ್ದ ಮೂಲೆಗೆ ಹೋಗಿ ಕನ್ನಡಕ ಏರಿಸಿದೆ. ಅಲ್ಲಿರಲಿಲ್ಲ. ಸುಮಾ ನನ್ನ ತೋಳು ಜಗ್ಗಿ ಕಣ್ಣಿನಲ್ಲೇ ನೆಲ ತೋರಿಸಿದಳು. ನಮ್ಮ ಪಾದ ಗೋಡೆಗೆ ಹಿಡಿದಿರಲಿಲ್ಲ. ಹಿಮ್ಮಡಿ ಕಿಟಕಿಯ ಕೆಳಗೆ ಶುರುವಾಗಿ, ನೆಲಕ್ಕಿಳಿದು, ಚಾರ್ಟು ಕಾಗದಕ್ಕೆ ಕಾಗದ ಅಂಟಿಸಿಕೊಂಡು ತರಗತಿಯ ಬಾಗಿಲವರೆಗೆ ಹೋಗಿ, ಹೆಬ್ಬೆರಳು ಹೊಸ್ತಿಲ ಹತ್ತಿರ ಮಡಚಿಕೊಂಡಿತ್ತು. ಅದರ ಮೇಲೆ ಚೆಂದದ ಅಕ್ಷರದಲ್ಲಿ ಚಿನ್ಮಯಿ ಎಂದು ಬರೆದಿತ್ತು. ಬಂದವರೆಲ್ಲ ಅದನ್ನು ತುಳಿದುಕೊಂಡೇ ಒಳಗೆ ಬರುತ್ತಿದ್ದರು, ನಾನೂ ತುಳಿದುಕೊಂಡೇ ಬಂದಿದ್ದೆ.

ಟೀಚರು ಒಳ್ಳೆಯ ಹೆಂಗಸು. ತಮ್ಮವರಿಂದ ದೂರ ಬಂದು ಬದುಕುವವರಿಗೆ ವಿಮಾನ ಬಿಟ್ಟರೆ ದಾರಿಯಿಲ್ಲ, ಅದನ್ನು ಮಗುವಿಗೂ ಹೇಳಿದ್ದೇನೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದರು. ಪರವಾಗಿಲ್ಲ ಬಿಡಿ ಎನ್ನಲು ಇಲ್ಲಿಯವರ ಹಾಗೆ ನಾನೂ ಗ್ರ್ಯಾಂಡ್, ಗ್ರ್ಯಾಂಡ್ ಎಂದೆ. ಇಂಗು ತಿಂದ ಮಂಗನ ಮುಖ ಎನ್ನುತ್ತಾರಲ್ಲ, ಅದು ಹೇಗಿರುತ್ತದೆಂದು ಅವತ್ತು ಶಾಲೆಯ ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ.

ಆದರೆ ಚಿನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು. ಮನೆಗೆ ಬರುವ ದಾರಿಯಲ್ಲಿ ಹಿಂದಿನ ಸೀಟಿನಿಂದ, ಈ ಬೇಸಿಗೆ ತಾನು ಇಂಡಿಯಾಕ್ಕೆ ಬರುವುದಿಲ್ಲ ಎಂದಳು. ಕೆಟಲ್ಲು, ದೀಪ, ಒದ್ದೆ ಬಟ್ಟೆ, ಹಿಟ್ಟಿನ ಜೊತೆ ಮಲಗಿದ್ದು ಎಲ್ಲ ಸೇರಿ ಉಳಿಸಿದ್ದನ್ನು ಒಂದು ಸಲ ಹೋಗಿ ಬರುವುದು ನುಂಗಿಹಾಕುತ್ತದಂತೆ. ನೀವಿಬ್ಬರೂ ಹೋಗಿ, ನಾನು ಗೆಳತಿಯ ಮನೆಯಲ್ಲಿರುತ್ತೇನೆ ಎಂದಳು. ಮಕ್ಕಳ ಹಟ, ಎರಡು ದಿನದಲ್ಲಿ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ಟಿಕೆಟ್ ತೆಗೆಯುವ ದಿನ ಬಂತು, ನನಗೆ ಮೂಗಿನ ತುದಿಗೆ ಸಿಟ್ಟು ಬಂತು.

"ನಿಮ್ಮಜ್ಜಿಗೆ ಎಂಬತ್ತಾಗ್ತಾ ಬಂತು. ಇನ್ನೆಷ್ಟು ಸಲ ನೋಡ್ತೀನಿ ಅಂದ್ಕೊಂಡಿದೀಯ?" ಎಂದು ಕೂಗಿದೆ. ಹೇಳಬೇಕೆಂದು ಹೇಳಿದ್ದಲ್ಲ. ಎಷ್ಟೋ ದಿನದಿಂದ ನನ್ನನ್ನೇ ನಾನು ಕೇಳಿಕೊಳ್ಳುತ್ತಿದ್ದ ಪ್ರಶ್ನೆ ಆ ಮಗುವಿನ ತಲೆಯ ಮೇಲೆ ಬಿತ್ತು. ಚಿನ್ನುವಿನ ಕಣ್ಣು ತುಂಬಿತು. ಅಳುತ್ತಲೇ, ಹಾಗಾದರೆ ನಾನು ಅಜ್ಜಿಯಾದಾಗ ಏನಿರುತ್ತದೆ ಎಂದು ಕೇಳಿದಳು. ಸುಮಾ ಬಂದು ಇಬ್ಬರಿಗೂ ಊಟಕ್ಕೆ ಬಡಿಸಿದಳು.

ಭಾನುವಾರ ಅಮ್ಮನಿಗೆ ವಿಡಿಯೋ ಕರೆ ಮಾಡುವುದು ನಮ್ಮ ವಾಡಿಕೆ. ಅಮ್ಮ ಅರಸೀಕೆರೆಯಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಮನೆಯ ಯಜಮಾನಿಕೆ ಇವತ್ತಿಗೂ ಅವಳದೇ, ತಮ್ಮನಿಗೆ ಟೀವಿಯ ರಿಮೋಟು ಕೂಡ ಕೇಳಿ ತೆಗೆದುಕೊಳ್ಳಬೇಕು. ವಿಡಿಯೋ ಕರೆಯಲ್ಲಿ ಅವಳು ತೋರಿಸುವುದು ಹಣೆ, ನರೆಗೂದಲು ಮತ್ತು ಫ್ಯಾನು. ಆ ಭಾನುವಾರ, ನನಗೆ ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿ ಮುಗಿಸೋಣ ಎಂದುಕೊಂಡಿದ್ದೆ. ಚಿನ್ನು ಫೋನು ಕಸಿದುಕೊಂಡು, ತನಗೆ ಬರುತ್ತಿದ್ದ ಬೆರಳೆಣಿಕೆಯ ಕನ್ನಡ ಪದಗಳನ್ನು ಇಂಗ್ಲಿಷಿನ ನಡುವೆ ಅಲ್ಲಲ್ಲಿ ಉದುರಿಸುತ್ತ, ವಿಮಾನ, ಹೊಗೆ, ಭೂಮಿ, ಬಿಸಿ, ಸಾರಿ ಅಜ್ಜಿ ಎಂದು ಎಲ್ಲವನ್ನೂ ಹೇಳಿಬಿಟ್ಟಳು. ಫ್ಯಾನು ತಿರುಗುತ್ತಿತ್ತು, ಹಣೆ ಅಲ್ಲಾಡಲಿಲ್ಲ.

"ಅವಳು ಹೇಳೋದ್ರಲ್ಲಿ ತಪ್ಪೇನೈತೋ?" ಎಂದಳು ಅಮ್ಮ, ನನಗೆ. ಈಗ ಸಂಡಿಗೆ ಹಾಕಬೇಕಾದರೂ ಆಕಾಶ ನೋಡಿ ಹೆದರುವಂತಾಗಿದೆ, ಬರಬಾರದ ಕಾಲದಲ್ಲಿ ಮಳೆ ಬಂದು ಎಲ್ಲ ಅಂಬಲಿ ಮಾಡಿ ಹೋಗುತ್ತದೆ, ಇದು ನಿಮ್ಮಂಥ ಓದಿದವರಿಗೆ ಗೊತ್ತಾಗುವ ಮುಂಚೆ ನಮ್ಮ ಟೆರೇಸಿಗೆ ಗೊತ್ತಾಗಿದೆ ಎಂದಳು. ಆಮೇಲೆ ನನ್ನ ಪ್ರವಾಸಗಳ ವಿಚಾರಣೆಗೆ ಇಳಿದಳು. "ವರ್ಷಾ ವರ್ಷಾ ಬಂದು ನೀನು ಮಾಡೋದಾದ್ರೂ ಏನು? ಹದಿನೈದು ದಿನಕ್ಕೆ ಬರ್ತೀಯ. ಅದ್ರಲ್ಲಿ ಅರ್ಧ ನಿದ್ದೆಗೆಟ್ಟು ತೂಕಡಿಸ್ತೀಯ, ಇನ್ನರ್ಧ ನೆಂಟರ ಮನೆ ಸುತ್ತಾಡ್ತೀಯ. ಮೂರು ವರ್ಷಕ್ಕೊಂದು ಸಲ ಬಾ. ಬಂದ್ರೆ ಮಗೀನ ರಜಾ ಪೂರ್ತಿ ಇರು."

ಅಷ್ಟು ವರ್ಷ ಬಿಟ್ಟು ಬಂದರೆ ನಿನಗೂ ವಯಸ್ಸಾಯಿತಲ್ಲಮ್ಮ ಎಂದೆ. ದನಿ ಸ್ವಲ್ಪ ಒಡೆಯಿತು.

"ವಯಸ್ಸಾಗಿರೋದು ನಂಗೆ ಕಣೋ. ನೀನ್ಯಾಕೆ ಅಳ್ತೀಯ?" ಎಂದಳು.

ತೀರ್ಮಾನವಾಯಿತು. ಆ ವರ್ಷ ಇಲ್ಲ, ಮುಂದಿನ ವರ್ಷ ರಜೆ ಪೂರ್ತಿ, ಅಲ್ಲಿಂದಾಚೆಗೆ ಮೂರು ವರ್ಷಕ್ಕೊಮ್ಮೆ. ನಾನು ದೊಡ್ಡ ಮನಸ್ಸಿನಿಂದ ಒಪ್ಪಿದೆ ಎಂದು ತಿಳಿಯಬೇಡಿ. ಆ ಬೇಸಿಗೆಯಿಡೀ ಅಜ್ಜಿ ಮೊಮ್ಮಗಳು ಸೇರಿ ನನಗೆ ಮೋಸ ಮಾಡಿದರೆಂದು ಮುಖ ಊದಿಸಿಕೊಂಡೇ ಓಡಾಡಿದೆ. ಮುಂದಿನ ವರ್ಷ ಕಾಡಿ ಬೇಡಿ, ಸಂಬಳವಿಲ್ಲದ ರಜೆ ಹಾಕಿ, ಶಾಲೆ ಮುಚ್ಚಿದ ಮರುದಿನವೇ ಹೊರಟೆವು.

ಮೊದಲ ವಾರ ಎಂದಿನಂತೆಯೇ ಇತ್ತು. ಮೊದಲ ದಿನ ಒಬ್ಬಟ್ಟು, ಎರಡನೆಯ ದಿನ ಶ್ಯಾವಿಗೆ ಪಾಯಸ, ಆಮೇಲೆ ಚಿರೋಟಿ. ಮಂಚಕ್ಕೆ ಹೊಸ ಹೊದಿಕೆ, ನನಗೆ ಬೆಳ್ಳಿ ಲೋಟ. ತಿಂದ ತಟ್ಟೆ ಎತ್ತಲು ಹೋದರೆ ಅಯ್ಯೋ ಬಿಡಪ್ಪ ನೀನು ಎನ್ನುವ ಉಪಚಾರ. ಒಂದು ಬೆಳಿಗ್ಗೆ ನಡುಮನೆಯಲ್ಲಿ ಪೇಪರು ಓದುತ್ತ ಕೂತಿದ್ದೆ. ಬಾಗಿಲಲ್ಲಿ ಅಮ್ಮ ಹಾಲಿನವನಿಗೆ, ಮನೆಯಲ್ಲಿ ನೆಂಟರಿದ್ದಾರೆ, ಇನ್ನೊಂದು ಲೀಟರ್ ಜಾಸ್ತಿ ಹಾಕು ಎಂದು ಹೇಳುತ್ತಿದ್ದಳು. ಯಾವ ನೆಂಟರು ಎಂದು ಪೇಪರಿನಿಂದ ತಲೆಯೆತ್ತಿ ನೋಡಿದೆ. ಮನೆಯಲ್ಲಿ ತಮ್ಮನ ಸಂಸಾರ, ನಾವು ಮೂವರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ದಿನದ ಪಾಯಸ ಅರ್ಧಕ್ಕೇ ಬಿಟ್ಟು ಎದ್ದೆ. ಇಷ್ಟು ವರ್ಷ ವರ್ಷಕ್ಕೊಂದು ಸಲ ಹಾರಿ ಬಂದು ನಾನು ತಿಂದು ಹೋಗಿದ್ದೆಲ್ಲ ನೆಂಟರೂಟ ಎಂದು ಮೊದಲ ಸಲ ಗೊತ್ತಾಯಿತು, ತುಂಬಾ ಬೇಜಾರಾಯಿತು.

ಆದರೆ ಎಷ್ಟು ದಿನ ಎಂದು ಯಾರು ತಾನೇ ಉಪಚಾರ ಮಾಡಿಯಾರು? ಮೂರನೆಯ ವಾರ ಸಿಹಿ ನಿಂತಿತು. ಹೊಸ ಹೊದಿಕೆ ಒಗೆಯಲು ಹೋಗಿದ್ದು ಮತ್ತೆ ಬರಲಿಲ್ಲ. ಬೆಳ್ಳಿ ಲೋಟ ಬೀರು ಸೇರಿತು. ನಾಲ್ಕನೆಯ ವಾರದಲ್ಲಿ ಒಂದು ದಿನ ನಾನು ತಡವಾಗಿ ಎದ್ದು ಅಡಿಗೆಮನೆಗೆ ಬಂದರೆ ಒಗ್ಗರಣೆ ಹಾಕಿದ ರಾತ್ರಿಯ ಅನ್ನ ಕಾದಿತ್ತು. ಕಾಫಿ ಕೇಳಿದೆ. "ಹೊತ್ತು ನೆತ್ತಿಗೆ ಬಂದೈತೆ, ಈಗ ಕಾಫಿ ಬೇಕಾ ದೊರೆಗೆ? ಕೈಯಿಲ್ವಾ? ಹಾಲೈತೆ, ಕಾಯಿಸ್ಕೋ. ಹಾಗೇ ಆ ತಟ್ಟೆಗಳನ್ನ ತೊಳೆದಿಟ್ಟು ಅಕ್ಕಿ ಗಿರಣಿಗೆ ಹೋಗಿ ಬಾ," ಎಂದು ಬೈದಳು. ನಿಮಗೆ ಹೇಗೆ ಹೇಳಲಿ. ಐವತ್ತರ ಹತ್ತಿರ ಬಂದ ಗಂಡಸು, ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತು, ಅರಸೀಕೆರೆಯ ಬೀದಿಯಲ್ಲಿ ಹಲ್ಲು ಕಿರಿದುಕೊಂಡು ಹೋಗುತ್ತಿದ್ದೆ. ನೋಡಿದವರು ಏನೆಂದುಕೊಂಡರೋ ಗೊತ್ತಿಲ್ಲ. ನಾನು ಊರು ಬಿಟ್ಟ ಮೇಲೆ ಅಮ್ಮ ನನ್ನನ್ನು ಹೀಗೆ ಬೈದೇ ಇರಲಿಲ್ಲ, ಹದಿನೇಳೋ ಹದಿನೆಂಟೋ ವರ್ಷವಾಗಿತ್ತು.

ಚಿನ್ನುವಿನ ಕಥೆ ಇನ್ನೂ ಚೆಂದ. ಅಜ್ಜಿ ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಸುರಿಯುವುದು ಕಂಡು ಭಕ್ತಿಯಿಂದ ಕೈಮುಗಿದಿದ್ದವಳು, ಅದೇ ಅಜ್ಜಿ ಧಾರಾವಾಹಿ ನೋಡುತ್ತ ನೀರಿನ ಮೋಟರು ಮರೆತು, ಟೆರೇಸಿನ ತೊಟ್ಟಿ ತುಂಬಿ ಬೀದಿಗೆ ಹರಿಯುವುದು ಕಂಡಾಗ ಕೆಂಡವಾದಳು. ಇಂಗ್ಲಿಷಿನಲ್ಲಿ ಬೈದರೆ ಅಜ್ಜಿಗೆ ತಾಗುವುದಿಲ್ಲ. ತಾಗಬೇಕಾದರೆ ಕನ್ನಡವೇ ಬೇಕು. ಹಾಗೆ ನನ್ನ ಮಗಳ ಬಾಯಿಂದ ಹೊರಟ ಮೊದಲ ಇಡೀ ವಾಕ್ಯ, "ಅಜ್ಜಿ, ಮೋಟ್ರು ಆಫ್ ಮಾಡು, ಎಷ್ಟು ಸಲ ಹೇಳ್ಬೇಕು ನಿಂಗೆ?" ರಜೆ ಮುಗಿಯುವಷ್ಟರಲ್ಲಿ ಇಬ್ಬರೂ ಬೆಳಿಗ್ಗೆ ಎದ್ದರೆ ಜಗಳ, ಮಧ್ಯಾಹ್ನ ಒಂದೇ ಚಾಪೆಯ ಮೇಲೆ ನಿದ್ದೆ. ಹದಿನೈದು ದಿನದ ಪ್ರವಾಸಗಳಲ್ಲಿ ಅವಳು ಅಜ್ಜಿಯ ಕಾಲಿಗೆ ಬಿದ್ದು, ಚಾಕೊಲೇಟು ಕೊಟ್ಟು, ಫೋಟೋ ತೆಗೆಸಿಕೊಂಡು ಬರುತ್ತಿದ್ದಳು, ಅಷ್ಟೇ.

ಅಲ್ಲಿಂದ ಬಂದ ಮೇಲೆ ಹೋಗದ ವರ್ಷಗಳು ಸಲೀಸಾಗಿ ಕಳೆದವು ಎಂದರೆ ಸುಳ್ಳು. ಹೋದ ವರ್ಷ ಅಮ್ಮ ಜ್ವರ ಬಂದು ಆಸ್ಪತ್ರೆ ಸೇರಿದಾಗ ನಾನು ಮಗಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಏನೂ ತಪ್ಪು ಮಾಡದ ಮಗುವಿನ ಮೇಲೆ ಸಿಟ್ಟು. ಅವಳೇ ಬಂದು ಪಕ್ಕದಲ್ಲಿ ಕೂತು, "ಹೋಗಿ ಬಾ ಅಪ್ಪ, ನಾನೇನೂ ಅನ್ನಲ್ಲ. ಅಜ್ಜಿಗಿಂತ ದೊಡ್ಡ ರೂಲ್ ಏನಿಲ್ಲ," ಎಂದಳು, ಕನ್ನಡದಲ್ಲಿ. ನಾನು ಟಿಕೆಟ್ ಹುಡುಕುತ್ತಿರುವಾಗಲೇ ಅಮ್ಮ ಮನೆಗೆ ಬಂದು ಫೋನು ಮಾಡಿ, ಯಾರು ನಿನಗೆ ಬರಲು ಹೇಳಿದ್ದು, ನೀನು ಬಂದರೆ ನಾನು ಎದ್ದು ಒಬ್ಬಟ್ಟು ಮಾಡಬೇಕಾಗುತ್ತದೆ ಎಂದು ಗದರಿದಳು.

ಈಗ ಆ ಮೂರು ವರ್ಷ ತುಂಬಿದೆ. ಚಿನ್ನುವಿಗೆ ಹದಿನೈದಾಗುತ್ತಿದೆ, ಸಮಿತಿಯ ಬಿಲ್ಲೆ ಎಲ್ಲಿ ಹೋಯಿತೋ, ಅಧಿಕಾರ ಮಾತ್ರ ಹಾಗೇ ಇದೆ. ರಜೆ ಮಂಜೂರಾಗಿದೆ. ನಿನ್ನೆ ಭಾನುವಾರ ಕರೆ ಮಾಡಿದಾಗ ನನಗೆ ತಡೆಯಲಾಗಲಿಲ್ಲ. ಹೋದ ದಿನ ಏನೇನು ಅಡಿಗೆ ಮಾಡಿಸಿಕೊಂಡು ತಿನ್ನಬೇಕು ಎಂದು ಸಣ್ಣ ಹುಡುಗನ ಹಾಗೆ ಶುರು ಮಾಡಿದೆ. ಅಮ್ಮ ಮಧ್ಯದಲ್ಲೇ ತಡೆದಳು.

"ಒಬ್ಬಟ್ಟೂ ಇಲ್ಲ ಗಿಬ್ಬಟ್ಟೂ ಇಲ್ಲ. ಈ ಸಲ ಮೊದಲ್ನೇ ದಿನದಿಂದ್ಲೇ ಅನ್ನ ಸಾರು."

ಫೋನಿಟ್ಟೆ. ಬಟ್ಟೆ ಮಡಚುತ್ತಿದ್ದ ಸುಮಾ, ಅತ್ತೆ ಏನಂದರು ಎಂದು ಕೇಳಿದಳು. ಅನ್ನ ಸಾರಂತೆ ಎಂದೆ. ಈ ಸಲ ಹಾಲಿನವನಿಗೆ ನೆಂಟರು ಬಂದಿದ್ದಾರೆ ಎನ್ನುವುದಿಲ್ಲ ಬಿಡು ಎಂದು ಸೇರಿಸಿ, ಅವಳ ಜೊತೆ ಬಟ್ಟೆ ಮಡಚಲು ಕೂತೆ.